ಸಿಸ್ಟರ್ ಸಾಲಿಯ ಸೊಸೆಯಂದಿರು

ನಮ್ಮ ಮನೆಯ ಎರಡು ಲೀಟರಿನ ಕುಕ್ಕರು ಸೀಟಿ ಹಾಕಿದಾಗಲೆಲ್ಲ ನನಗೆ ನಗು ಬರುತ್ತದೆ. ಕುಕ್ಕರಿನಲ್ಲಿ ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಎಂ.ಕೆ. ಹುಬ್ಬಳ್ಳಿ ಹತ್ತಿರದ ನನ್ನ ಗಂಡನ ಮನೆಯನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ. ಅಲ್ಲಿ ಅನ್ನ ಬೇಯುವ ಪಾತ್ರೆಯಲ್ಲಿ ಕೂಸನ್ನು ಕೂಡ್ರಿಸಿ ನೀರೆರೆಯಬಹುದು. ಮಾವನವರು, ಅವರ ಅಣ್ಣತಮ್ಮಂದಿರು, ಅವರ ಮಕ್ಕಳು, ಸೊಸೆಯಂದಿರು, ಬಂದು ಹೋಗುವ ನೆಂಟರು, ಬಂದು ಹೋಗದೆ ಉಳಿದ ನೆಂಟರು, ಎಲ್ಲರಿಗೂ ಒಂದೇ ಒಲೆ. ಆ ಮನೆಗೆ ಇಂಥ ಕುಕ್ಕರು ಒಯ್ದರೆ ಮಕ್ಕಳು ಆಟದ ಸಾಮಾನೆಂದು ಅಂಗಳಕ್ಕೆ ಹೊತ್ತುಕೊಂಡು ಹೋದಾರು. ಇಷ್ಟು ಸಣ್ಣ ಪಾತ್ರೆಗೆ ನಾನು ಒಡತಿಯಾದದ್ದು ಇಂಗ್ಲಿಷಿನ ಕೃಪೆಯಿಂದ.

ಬೈಲಹೊಂಗಲದ ಒಂದು ಕ್ಯಾಥೊಲಿಕ್ ಪ್ರೈಮರಿ ಶಾಲೆಯಲ್ಲಿ ನನ್ನ ಮಗಳು ಶ್ರಾವಣಿ ಓದುತ್ತಾಳೆ. ಶಾಲೆಗೆ ಸಂತರೊಬ್ಬರ ದೊಡ್ಡ ಹೆಸರೇ ಇದೆ, ಆದರೆ ನಮ್ಮ ಜನರ ನಾಲಿಗೆಗೆ ಅದು ಹೊರಳುವುದಿಲ್ಲ. ಎಲ್ಲರೂ ಅನ್ನುವುದು ‘ಸಿಸ್ಟರ್ ಸಾಲಿ’. ಸುತ್ತಲಿನ ತಾಲೂಕುಗಳಲ್ಲಿ ಯಾವ ಸ್ಪರ್ಧೆ ನಡೆದರೂ ಬಹುಮಾನದ ಕಪ್ಪು ದಾರಿ ಕೇಳದೆ ನೆಟ್ಟಗೆ ಅಲ್ಲಿಗೇ ಬರುತ್ತದೆ. ಚಿತ್ರಕಲೆ, ಕೈಬರಹ, ಲೆಕ್ಕ, ನಿಂಬೆಹಣ್ಣಿನ ಚಮಚೆ ಓಟ, ಯಾವುದನ್ನೂ ಅವರು ಬಿಡುವುದಿಲ್ಲ. ಅಲ್ಲಿಯ ಮಕ್ಕಳು ಸಾಲಿನಲ್ಲಿ ನಡೆಯುತ್ತಾರೆ, ಕರ್ಚೀಫಿನಲ್ಲಿ ಮೂಗು ಒರೆಸುತ್ತಾರೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ. ಈ ಕೊನೆಯ ವಿದ್ಯೆ ನಮ್ಮ ಮನೆತನದಲ್ಲಿ ಹಿಂದೆ ಯಾರಿಗೂ ಬಂದಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಓಣಿಯಲ್ಲಿ ಅಡ್ಡ ನಿಂತ ಎಮ್ಮೆಗೆ ಶ್ರಾವಣಿ ‘ಎಕ್ಸ್‌ಕ್ಯೂಸ್ ಮಿ’ ಅಂದಳು. ಎಮ್ಮೆ ಅಲುಗಲಿಲ್ಲ. ಮಾವನವರು ಮಾತ್ರ ಕಟ್ಟೆಯಿಂದ ಕಟ್ಟೆಗೆ ಹೋಗಿ, “ನಮ್ಮ ಮೊಮ್ಮಗಳು ಎಮ್ಮಿ ಜೋಡಿನೂ ಇಂಗ್ಲೀಷಿನ್ಯಾಗ ಮಾತಾಡ್ತಾಳ್ರಿ!” ಎಂದು ಹೇಳಿ ಬಂದರು.

ನಾನು ಓದಿದ್ದು ಸವದತ್ತಿಯ ಕನ್ನಡ ಶಾಲೆಯಲ್ಲಿ. ತಟ್ಟಿನ ಪಟ್ಟಿಯೇ ನಮ್ಮ ಬೆಂಚು. ಪಾಟಿ ಒರೆಸಲು ನೀರು ಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ, ಉಗುಳು ಇತ್ತು, ಲಂಗದ ಅಂಚು ಇತ್ತು. ಟೀಚರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರು ನಮಗೆ ಮಗ್ಗಿ ಹೇಳಲು ಹಚ್ಚಿ ತಾವು ಅವರೆಕಾಯಿ ಸುಲಿಯುತ್ತ ಕೂಡುತ್ತಿದ್ದರು. ಮಗ್ಗಿ ಮುಗಿದ ಮೇಲೂ ಕಾಯಿ ಉಳಿದಿದ್ದರೆ ಮುಂದಿನ ಮಗ್ಗಿಗೆ ಹಚ್ಚುತ್ತಿದ್ದರು. ಹೀಗಾಗಿ ಅವರೆಕಾಯಿಯ ಸುಗ್ಗಿಯಲ್ಲಿ ನಮ್ಮ ಗಣಿತ ಬಲು ಗಟ್ಟಿಯಾಗಿರುತ್ತಿತ್ತು. ನನ್ನಪ್ಪ ಶಾಲೆಯ ಹೊಸ್ತಿಲು ತುಳಿದದ್ದು ಹೆಸರು ಹಚ್ಚಿದ ದಿನ ಮಾತ್ರ. ಅವ್ವನಂತೂ ನಾನು ಎಷ್ಟನೇ ಇಯತ್ತೆ ಎಂಬುದನ್ನು ಯಾರಾದರೂ ಕೇಳಿದರೆ ಪಕ್ಕದ ಮನೆಯವರ ಮುಖ ನೋಡುತ್ತಿದ್ದಳು.

ಸಿಸ್ಟರ್ ಸಾಲಿ ಹಾಗಲ್ಲ. ಅಲ್ಲಿ ಮಗುವಿಗಿಂತ ಮೊದಲು ತಂದೆತಾಯಿ ಪರೀಕ್ಷೆಗೆ ಕೂಡಬೇಕು. ಅಡ್ಮಿಷನ್ನಿನ ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಮ್ಮನ್ನು ಎದುರಿಗೆ ಕೂಡ್ರಿಸಿಕೊಂಡರು. ಕರಾವಳಿ ಕಡೆಯವರು, ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಾರೆ. “ಮಗುವಿನೊಂದಿಗೆ ನೀವು ದಿನವೂ ಎಷ್ಟು ಸಮಯ ಕಳೆಯುತ್ತೀರಿ?” ಎಂದು ನಮ್ಮವರನ್ನು ಕೇಳಿದರು.

ನಮ್ಮವರು, ಅಂದರೆ ನನ್ನ ಗಂಡ ಈರಣ್ಣ, ಸುಳ್ಳು ಹೇಳಲು ಬಾರದ ಮನುಷ್ಯ. “ಹೊಲದಿಂದ ಬರೂದರಾಗ ಮಕ್ಕೊಂಡಿರತಾಳ್ರಿ ಸಿಸ್ಟರ್. ಮಕ್ಕೊಂಡಾಗ ನೋಡತೇನ್ರಿ,” ಅಂದರು.

ಸಿಸ್ಟರ್ ನಕ್ಕರು. ಆಮೇಲೆ, “ಅಷ್ಟು ಸಣ್ಣ ಮಗು ಅಷ್ಟು ದೂರದಿಂದ ದಿನವೂ ಬರುವುದು ಬೇಡ. ತಾಯಿ ಮತ್ತು ಮಗು ಇಲ್ಲೇ ಹತ್ತಿರ ಒಂದು ಮನೆ ಮಾಡಿದರೆ ಒಳ್ಳೆಯದು,” ಅಂದರು. ಎಷ್ಟು ಸಹಜವಾಗಿ ಅಂದರೆ, ಮಳೆ ಬಂದೀತು ಕೊಡೆ ಇಟ್ಟುಕೊಳ್ಳಿ ಅನ್ನುವ ಹಾಗೆ! ನಾನು ತಲೆ ತಗ್ಗಿಸಿ ಕೂತೆ. ಮುಖ ಎತ್ತಿದರೆ ಹಲ್ಲು ಕಾಣುತ್ತಿದ್ದವು.

ಶಾಲೆಯ ಹಿಂದೊಂದು ಓಣಿಯಿದೆ. ಅಲ್ಲಿಯ ಮನೆಮಾಲೀಕರು ದನದ ಕೊಟ್ಟಿಗೆ ತೆಗೆದು ಖೋಲಿ ಕಟ್ಟಿದ್ದಾರೆ, ಖೋಲಿಯ ಮೇಲೆ ಖೋಲಿ ಕಟ್ಟಿದ್ದಾರೆ. ಎಲ್ಲದರಲ್ಲೂ ನಮ್ಮಂಥ ತಾಯಂದಿರೇ. ಕಿತ್ತೂರಿನ ಕಸ್ತೂರಿ, ರಾಮದುರ್ಗದ ನಿರ್ಮಲಾ, ಮುನವಳ್ಳಿಯವರು, ಇನ್ನೂ ಯಾರ್ಯಾರೋ. ಗಂಡಂದಿರು ಶನಿವಾರ ಸಂಜೆ ಜೋಳದ ಹಿಟ್ಟು, ಬೆಣ್ಣೆ, ಕಾಯಿಪಲ್ಲೆ ತಂದಿಳಿಸಿ ಸೋಮವಾರ ಬೆಳಗ್ಗೆ ಮೋಟರ್‌ಸೈಕಲ್ ಏರಿ ಹೊರಟುಬಿಡುತ್ತಾರೆ. ಸೋಮವಾರದ ಹೊಗೆ ಅಡಗಿದ ಮೇಲೆ ಓಣಿಯೆಲ್ಲ ಕಟ್ಟೆಗೆ ಬಂದು ಕೂತು ಚಹಾ ಕುಡಿಯುತ್ತದೆ.

ಶಾಲೆಯ ಪುಸ್ತಿಕೆಯಲ್ಲಿ ಏನೇನೋ ಇದೆ. ಮಗುವಿನ ಸರ್ವತೋಮುಖ ಬೆಳವಣಿಗೆ, ಶಿಸ್ತು, ಮೌಲ್ಯ, ಆತ್ಮವಿಶ್ವಾಸ. ಎಲ್ಲ ನಿಜ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಅದು ಕುಟುಂಬಕ್ಕೆ ಕೊಡುವ ದೊಡ್ಡ ವರವೊಂದನ್ನು ಪಾಪ ಸಿಸ್ಟರ್ ಆ ಪುಸ್ತಿಕೆಯಲ್ಲಿ ಹಾಕಿಸಿಯೇ ಇಲ್ಲ. ಜಗಳವಿಲ್ಲದೆ, ಪಂಚರನ್ನು ಕೂಡಿಸದೆ, ಯಾರ ಕಣ್ಣಲ್ಲೂ ನೀರು ತರಿಸದೆ ಸೊಸೆಗೊಂದು ಬೇರೆ ಮನೆ! ನಾನು ಬಾಯಿ ಬಿಟ್ಟು ಕೇಳಿದ್ದರೆ ಮನೆ ಒಡೆಯುವವಳಾಗುತ್ತಿದ್ದೆ. ಸಿಸ್ಟರ್ ಹೇಳಿದ್ದರಿಂದ ತ್ಯಾಗಮಯಿಯಾದೆ. “ಪಾಪ, ಕೂಸಿನ ಸಲುವಾಗಿ ಸುಜಾತಾ ವನವಾಸ ಮಾಡಾಕತ್ತಾಳ,” ಎಂದು ಊರಲ್ಲಿ ಎಲ್ಲರೂ ಮರುಗಿದರು. ವನವಾಸದಲ್ಲಿ ನಾನು ಬೆಳಗ್ಗೆ ಮಗಳನ್ನು ಕಳಿಸಿ, ನನಗೆ ಬೇಕಾದ ತಿಂಡಿ ನನಗೆ ಬೇಕಾದಷ್ಟು ಮಾಡಿಕೊಂಡು, ಕಾಲು ಚಾಚಿ ಕೂತು ತಿನ್ನುತ್ತಿದ್ದೆ.

ಆದರೆ ತ್ಯಾಗಕ್ಕೆ ಮುಖವೂ ಹೊಂದಬೇಕಲ್ಲ! ಊರಿಗೆ ಹೋಗುವಾಗ ನಾವೆಲ್ಲ ಮಾಸಿದ ಸೀರೆ ಉಟ್ಟು, ಬಸ್ಸಿಳಿಯುವ ಮುಂಚೆ ಸ್ವಲ್ಪ ಬಳಲುತ್ತಿದ್ದೆವು. ಕಿತ್ತೂರಿನ ಕಸ್ತೂರಿಗೆ ಮಾತ್ರ ಕಷ್ಟ ಬಂತು. ಇಲ್ಲಿಗೆ ಬಂದ ವರ್ಷವೇ ಅವಳು ಗುಂಡಗುಂಡಗೆ ಆಗಿಬಿಟ್ಟಳು. ಅತ್ತೆ ಬಾಗಿಲಲ್ಲೇ ತಡೆದು, “ಇದೇನವಾ, ವನವಾಸದಾಗ ಹಿಂಗ ಉಬ್ಬಿ?” ಎಂದು ಕೇಳಿದಳಂತೆ. “ಬೈಲಹೊಂಗಲದ ನೀರು ಹೊಂದವಲ್ದ್ರಿ ಅತ್ತೀ, ಮೈ ಬಾತೈತಿ,” ಎಂದು ಕಸ್ತೂರಿ ಅಳುವ ಮುಖ ಮಾಡಿದಳು. ಅತ್ತೆ ನಂಬಿ, ಬಾವು ಇಳಿಯಲೆಂದು ಬೆಲ್ಲ ತುಪ್ಪ ಹಾಕಿದ ಅಂಟಿನುಂಡೆ ಕಟ್ಟಿ ಕಳಿಸಿದಳು. ಅದನ್ನು ಓಣಿಯವರೆಲ್ಲ ಕೂಡಿಯೇ ತಿಂದೆವು.

ಇಷ್ಟು ಸುಖಕ್ಕೆ ನಾವು ಬೆಲೆ ತೆರಲಿಲ್ಲ ಅನ್ನಬೇಡಿ. ಮಕ್ಕಳ ಹೋಮ್‌ವರ್ಕಿಗೆ ಜೀವ ತೇಯ್ದೆವು. ಶ್ರಾವಣಿಗೆ ಜ್ವಾಲಾಮುಖಿ ಮಾಡಿ ತರಲು ಹೇಳಿದಾಗ ನಾನು ಗೋಧಿಹಿಟ್ಟು ನಾದಿ ಗುಡ್ಡ ಮಾಡಿ, ಅದರ ಬಾಯಿಗೆ ಅಡಿಗೆ ಸೋಡಾ, ನಿಂಬೆರಸ ಹಾಕಿ ಉಕ್ಕಿಸಿದೆ. ಪಕ್ಕದ ಮನೆಯ ನಿರ್ಮಲಾ ಅದನ್ನು ನೋಡಿ ಹೊಟ್ಟೆಕಿಚ್ಚಿನಿಂದ ತನ್ನ ಗುಡ್ಡಕ್ಕೆ ಖಾರಪುಡಿ ಬೆರೆಸಿದಳು, ಲಾವಾ ಕೆಂಪಗಿರಲಿ ಅಂತ. ಅದು ಉಕ್ಕಿದ್ದೇ ತಡ, ಇಡೀ ಕ್ಲಾಸು ಸೀನಿತು. “ದಯವಿಟ್ಟು ಮುಂದಿನ ಸಲ ಮಕ್ಕಳಿಗೂ ಸ್ವಲ್ಪ ಕೆಲಸ ಉಳಿಸಿ,” ಎಂದು ಸಿಸ್ಟರ್ ಗೇಟಿನಲ್ಲಿ ನಿಂತು ನಮಗೆಲ್ಲ ಕೈಮುಗಿದರು.

ಹೀಗೆ ಎಲ್ಲ ಚಂದ ನಡೆದಿತ್ತು. ಒಂದು ಶನಿವಾರ ನಮ್ಮವರು ಹೆಲ್ಮೆಟ್ ತೆಗೆಯುವ ಮುಂಚೆಯೇ ಒದರಿದರು: “ಸುಜಾತಾ, ನಿನ್ನ ವನವಾಸ ಮುಗೀತು! ಸಾಲಿ ಬಸ್ ಬಿಡಾಕತ್ತಾರಂತ. ಕಿತ್ತೂರು, ನಮ್ಮೂರು, ಮುನವಳ್ಳಿ, ಎಲ್ಲಾ ಕಡೆ. ಮನಿ ಬಾಗಲಕ್ಕ ಬರತೈತಿ. ಇನ್ನ ನೀ ಒಬ್ಬಾಕಿನ ತ್ರಾಸ ಪಡೂದು ಬ್ಯಾಡ.”

ಆ ಮುಖದಲ್ಲಿ ಎಂಥ ಸಂತೋಷ! ನನ್ನನ್ನು ಸೆರೆಮನೆಯಿಂದ ಬಿಡಿಸಿಕೊಂಡು ಹೋಗಲು ಬಂದವರ ಹಾಗೆ ನಿಂತಿದ್ದರು. ಅಳು ಬಂತು, ನಿಜವಾಗಿಯೇ ಬಂತು. ಅದನ್ನು ನೋಡಿ ಅವರು, “ಹುಚ್ಚಿ, ಇಷ್ಟ ಖುಷಿ ಆತೇನ?” ಎಂದು ತಲೆ ಸವರಿದರು. ಒಳ್ಳೆಯ ಗಂಡನ ಎದುರು ಹೆಂಗಸು ಎಷ್ಟು ಅಸಹಾಯಕಳೆಂದು ನನಗೆ ಆಗ ಗೊತ್ತಾಯಿತು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸೋಮವಾರದ ಕಟ್ಟೆಯಲ್ಲಿ ಚಹಾ ಆರಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ತಿಂಗಳ ಕೊನೆಗೆ ಶಾಲೆಯಲ್ಲಿ ಮೀಟಿಂಗ್ ಇತ್ತು. ಹೆಚ್ಚಿನ ಮನೆಗಳವರು ಒಪ್ಪಿದರೆ ಮಾತ್ರ ಬಸ್ಸು, ಇಲ್ಲವಾದರೆ ಇಲ್ಲ ಎಂದು ಸಿಸ್ಟರ್ ಹೇಳಿ ಕಳಿಸಿದ್ದರು. “ಬ್ಯಾಡ ಅಂತ ಹೇಳೂನು,” ಅಂದೆ ನಾನು. “ಯಾಕ ಬ್ಯಾಡ ಅಂತ ಕೇಳಿದ್ರ ಏನ ಹೇಳ್ತೀರಿ?” ಅಂದಳು ಕಸ್ತೂರಿ. ರಾಮದುರ್ಗದ ನಿರ್ಮಲಾ ಒಬ್ಬಳೇ ಆರಾಮ ಕೂತಿದ್ದಳು. “ನಮ್ಮೂರಿಗೆ ಭಾಳ ದೂರ ಆಗತೈತಿ, ಅಲ್ಲೀತನಾ ಬಸ್ ಬಿಡೂದಿಲ್ಲಂತ್ರಿ,” ಎಂದು ಬೇಸರದ ದನಿ ಮಾಡಿ ಹೇಳಿದಳು. ಆಗ ಅವಳನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. ಸವದತ್ತಿಯ ಎಲ್ಲಮ್ಮ ನನಗೆ ಒಂದಿಷ್ಟು ದೂರದ ಗಂಡನ ಮನೆ ಕೊಡಬಾರದಿತ್ತೇ!

ಗಾಯದ ಮೇಲೆ ಉಪ್ಪು ಸುರಿದಂತೆ, ಬಸ್ಸು ಬಂದೇಬಿಟ್ಟಿತೆಂದು ಮೀಟಿಂಗಿಗೂ ಮೊದಲೇ ಸಾಮಾನು ಕಟ್ಟಿಸಲು ಅತ್ತೆಯವರೇ ಬಂದಿಳಿದರು. ನನ್ನ ಅತ್ತೆಯೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಊರಿನ ಮನೆಯಲ್ಲಿ ನಸುಕಿನಲ್ಲೇ ಅವರ ದನಿ ಏಳುತ್ತದೆ: ಇಷ್ಟು ರೊಟ್ಟಿ, ಈ ಪಲ್ಲೆ, ಇಷ್ಟು ಖಾರ, ಅದನ್ನು ಇವರಿಗೆ, ಇದನ್ನು ಅವರಿಗೆ. ಇಲ್ಲಿ ಬಂದವರೇ ನನ್ನ ಕುಕ್ಕರಿನ ಮುಚ್ಚಳ ಎತ್ತಿ ನೋಡಿ, “ಇದು ಯಾರಿಗವಾ, ಬೆಕ್ಕಿಗೇನ?” ಅಂದರು.

ಮರುದಿನ ಶ್ರಾವಣಿ ಶಾಲೆಗೆ ಹೋದ ಮೇಲೆ ಪಾತ್ರೆ ತೊಳೆದು, ಕಸ ಗುಡಿಸಿ, ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. “ಇನ್ನ ಏನೈತಿ ಕೆಲಸಾ?”

“ಏನೂ ಇಲ್ರಿ ಅತ್ತೀ.”

“ಏನೂ ಇಲ್ಲ ಅಂದ್ರ?”

“ಏನೂ ಇಲ್ಲ ಅಂದ್ರ ಏನೂ ಇಲ್ರಿ. ಇನ್ನ ಶ್ರಾವಣಿ ಬಂದ ಮ್ಯಾಲೇನ.”

ಅವರಿಗೆ ಅದು ತಿಳಿಯಲಿಲ್ಲ. ಬಾಗಿಲಿಗೆ ಹೋದರು, ಒಳಗೆ ಬಂದರು, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದರು. ಆಮೇಲೆ ಒಳಗಿನ ಖೋಲಿಗೆ ಹೋಗಿ ಮೆಲ್ಲನೆ ಅಡ್ಡಾದರು. ಹಾಡುಹಗಲು ಅತ್ತೆ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಜ್ವರ ಬಂದಿತೇನೋ ಎಂದು ಹಣೆ ಮುಟ್ಟಿ ನೋಡಿದೆ. ಗೊರಕೆ ಹೊಡೆಯುತ್ತಿದ್ದರು.

ಸಂತೆಯ ದಿನ ಅವರನ್ನು ಕರೆದುಕೊಂಡು ಹೋದೆ. ಕಾಯಿಪಲ್ಲೆಯ ಒಂದು ಗುಂಪಿಯ ಮುಂದೆ ನಿಂತವರು ಮುಂದಕ್ಕೆ ಹೋಗಲೊಲ್ಲರು. ನೋಡಿದರೆ ಹಾಗಲಕಾಯಿ. “ತಗೊಳ್ಳೂನೇನ?” ಎಂದು ನನ್ನನ್ನು ಕೇಳಿದರು. ನನ್ನ ಅತ್ತೆ ನನ್ನನ್ನು ಕೇಳಿದರು! ಮನೆಗೆ ತಂದು ಸಣ್ಣಗೆ ಹೆಚ್ಚಿ, ಹುಣಸೆಹುಳಿ, ಬೆಲ್ಲ, ಗುರೆಳ್ಳು ಪುಡಿ ಹಾಕಿ ತಾವೇ ಪಲ್ಲೆ ಮಾಡಿದರು. ಒಂದು ರೊಟ್ಟಿಗೆ ಅಷ್ಟೂ ಪಲ್ಲೆ ಹಚ್ಚಿಕೊಂಡು ಕಣ್ಣು ಮುಚ್ಚಿ ತಿಂದರು.

“ಊರಾಗ ನೀವು ಇದನ್ನ ಮಾಡಿದ್ದ ನೋಡೇ ಇಲ್ಲಲ್ರಿ?” ಎಂದು ಕೇಳಿದೆ.

“ದೊಡ್ಡವ್ವಗ ಸೇರೂದಿಲ್ಲ. ಆಕಿಗೆ ಸೇರದ್ದ ಒಲಿ ಮ್ಯಾಲ ಏರೂದಿಲ್ಲ. ಲಗ್ನಾಗಿ ಆ ಮನಿಗೆ ಬಂದ ಮ್ಯಾಲ ಇವತ್ತs ತಿಂದದ್ದು ನಾ.”

ದೊಡ್ಡವ್ವ ಅಂದರೆ ಮಾವನವರ ಅಣ್ಣನ ಹೆಂಡತಿ, ಅತ್ತೆಗೆ ಹಿರಿಯ ನೆಗೆಣ್ಣಿ. ಉಗ್ರಾಣದ ಬೀಗದಕೈ ಇರುವುದು ಅವರ ಸೊಂಟದಲ್ಲಿ. ಅವರು ಹಾಸಿಗೆಯಲ್ಲಿ ಎದ್ದು ಕೂತು ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ನಾನು ಇಷ್ಟು ವರ್ಷ ಹೆದರಿದ್ದು ಅತ್ತೆಯ ಆ ದನಿಗೆ. ಅದು ಬರೇ ಅಪ್ಪಣೆ ದಾಟಿಸುವ ದನಿ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮೊಮ್ಮಗಳನ್ನು ಕಂಡ ಮೇಲೂ ಅತ್ತೆ ಆ ಮನೆಯ ಸೊಸೆಯೇ. ನನಗೆ ಆ ಹೊತ್ತು ಅವರ ಮೇಲೆ ಎಷ್ಟು ಮಮತೆ ಉಕ್ಕಿತೆಂದರೆ, ನನ್ನ ಪಾಲಿನ ಪಲ್ಲೆಯನ್ನೂ ಅವರಿಗೇ ನೀಡಿದೆ. ನನಗೂ ಹಾಗಲಕಾಯಿ ಸೇರುವುದಿಲ್ಲ, ಆ ಮಾತು ಬೇರೆ.

ಆಮೇಲಿನಿಂದ ಶಾಲೆ ಬಿಡುವ ಹೊತ್ತಿಗೆ ಅತ್ತೆಯೇ ಮೊದಲು ಚಪ್ಪಲಿ ಮೆಟ್ಟತೊಡಗಿದರು. ಗೇಟಿನಲ್ಲಿ ನಿಂತು, ಬಿಳಿ ಬಟ್ಟೆಯ ಸಿಸ್ಟರುಗಳು ಅತ್ತಿತ್ತ ಓಡಾಡುವುದನ್ನು ಎವೆಯಿಕ್ಕದೆ ನೋಡುತ್ತಿದ್ದರು. ಒಬ್ಬರು ಗಂಟೆ ಬಾರಿಸುವುದು, ಒಬ್ಬರು ಗಿಡಕ್ಕೆ ನೀರು ಹಾಕುವುದು, ಒಬ್ಬರು ನಗುನಗುತ್ತ ಸೈಕಲ್ ಸರಿಸಿ ಇಡುವುದು. ಒಂದು ದಿನ ತಡೆಯದೆ ನನ್ನ ಕಿವಿಯಲ್ಲಿ ಕೇಳಿದರು: “ಇವರೆಲ್ಲಾ ಒಂದs ಮನ್ಯಾಗ ಇರತಾರ?”

“ಹೂಂರಿ.”

“ಇವರಿಗೆ ಅತ್ತಿ ಯಾರು?”

“ಇವರು ಲಗ್ನಾನ ಆಗೂದಿಲ್ರಿ. ಅತ್ತಿ ಎಲ್ಲಿಂದ ಬರಬೇಕು?”

ಅತ್ತೆ ಸಿಸ್ಟರುಗಳನ್ನು ಇನ್ನೊಮ್ಮೆ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಉಸಿರು ಬಿಟ್ಟು, “ಅದಕ್ಕs ಸಾಲಿ ಇಷ್ಟ ಚಲೋ ನಡದೈತಿ,” ಅಂದರು. ಶಾಲೆಯ ಸಾಧನೆಗೆ ಇದಕ್ಕಿಂತ ಒಳ್ಳೆಯ ಕಾರಣ ಯಾವ ಶಿಕ್ಷಣ ತಜ್ಞರೂ ಕೊಟ್ಟದ್ದನ್ನು ನಾನು ಕೇಳಿಲ್ಲ.

ಮೀಟಿಂಗಿನ ದಿನ ಬಂತು. ಅಂದು ಮನೆಯ ಸಾಮಾನು ಅರ್ಧ ಚೀಲದಲ್ಲಿತ್ತು. ಶಾಲೆಯ ಹಾಲಿನಲ್ಲಿ ಗಂಡಸರು ಇಸ್ತ್ರಿ ಅಂಗಿ ತೊಟ್ಟು ಮುಂದೆ ಕೂತರು, ನಾವು ಹಿಂದೆ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ನನ್ನ ಪಕ್ಕದಲ್ಲಿದ್ದರು. ಸಿಸ್ಟರ್ ಎಲ್ಲ ವಿವರಿಸಿ, “ಬಸ್ಸು ಬೇಕು ಎನ್ನುವವರು ಕೈ ಎತ್ತಿ,” ಅಂದರು. ಮುಂದಿನ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ನಮ್ಮವರ ಕೈ ಎಲ್ಲಕ್ಕಿಂತ ಎತ್ತರ. ನನ್ನ ಎರಡು ಖೋಲಿಗಳು, ಸೋಮವಾರದ ಚಹಾ, ಕಾಲು ಚಾಚಿದ ಬೆಳಗುಗಳು, ಎಲ್ಲ ಆ ಕೈಗಳ ಜೊತೆಗೇ ಹಾರಿಹೋದವು ಅನ್ನಿಸಿತು. ಏಳಬೇಕು, ಬೇಡ ಅನ್ನಬೇಕು ಎಂದುಕೊಂಡೆ. ಏಳುವ ಬದಲು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೆ. ಕಸ್ತೂರಿ ನೆಲ ನೋಡುತ್ತಿದ್ದಳು.

ಆಗ ನನ್ನ ಪಕ್ಕದಲ್ಲಿ ಕುರ್ಚಿ ಸರಿದ ಸಪ್ಪಳಾಯಿತು.

“ನಮಸ್ಕಾರ್ರೀ ಅಕ್ಕೋರ,” ಅಂದರು ಅತ್ತೆ. “ನನಗ ಇಂಗ್ಲೀಷ ಬರೂದಿಲ್ಲ, ಸಿಟ್ಟ ಅಷ್ಟ ಬರತೈತಿ. ಕಬ್ಬಿನ ಸೀಜನ್ನಿನ್ಯಾಗ ಆ ದಾರ್ಯಾಗ ಒಮ್ಮೆ ಬಂದೀರೇನ್ರಿ ನೀವು? ಒಂದ ಟ್ರ್ಯಾಕ್ಟರಿನ ಹಿಂದ ಸಿಕ್ರ ಅಲ್ಲೇ ಹೊತ್ತ ಮುಳಗತೈತಿ. ಕೂಸು ಸಾಲಿ ಕಲೀಬೇಕೋ, ಕಬ್ಬ ನೋಡ್ಕೋತ ಕುಂದರಬೇಕೋ?”

ನಮ್ಮವರು ಗಾಬರಿಯಿಂದ ತಿರುಗಿದರು. “ಯವ್ವಾ, ಸುಮ್ನ ಕುಂದ್ರ. ಮಂದಿ ಐತಿ ಇಲ್ಲಿ.”

“ಮಂದಿ ಐತಂತನs ಮಾತಾಡಾಕತ್ತೇನಿ. ಎಲ್ಲಾರೂ ಕೈ ಎತ್ತೀರಿ, ಚಲೋ ಆತು. ನಸಿಕಿನ್ಯಾಗ ಎದ್ದು ಹುಡುಗೂರಿಗೆ ಎರದು, ತಲಿ ಹಿಕ್ಕಿ, ರೊಟ್ಟಿ ಬಡದು ಡಬ್ಬಿ ಕಟ್ಟಿ, ಬಸ್ ಬರೂತನಾ ಬಾಗಲದಾಗ ನಿಂದ್ರವರು ನಿಮ್ಮೊಳಗ ಯಾರದೀರಿ? ಅವರಷ್ಟ ಕೈ ಎತ್ತಿ ಹಿಡೀರಿ. ಉಳದವರು ಇಳಸರಿ.”

ಮೊದಲು ಒಂದು ಕೈ ಇಳಿಯಿತು, ಆಮೇಲೆ ಇನ್ನೊಂದು. ಕಿತ್ತೂರಿನ ಕಸ್ತೂರಿಯ ಗಂಡ ಎತ್ತಿದ ಕೈಯಿಂದಲೇ ತಲೆ ಕೆರೆದುಕೊಂಡು ಇಳಿಸಿದ. ನಮ್ಮವರ ಕೈ ಎಲ್ಲರಿಗಿಂತ ಕೊನೆಗೆ ಇಳಿಯಿತು. ಸುಳ್ಳು ಹೇಳಲು ಬಾರದ ಮನುಷ್ಯ ಎಂದೆನಲ್ಲ.

ಸಿಸ್ಟರ್ ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುತ್ತಿದ್ದರು. “ಹಾಗಾದರೆ ಈ ಅಜ್ಜಿಯ ಮಾತಿಗೆ ಒಪ್ಪುವ ತಾಯಂದಿರು?” ಎಂದು ಕೇಳಿದರು. ಹಿಂದಿನ ಸಾಲುಗಳಲ್ಲಿ ಬಳೆಗಳು ಒಮ್ಮೆಲೇ ಸಪ್ಪಳ ಮಾಡಿದವು. ತನ್ನೂರಿಗೆ ಬಸ್ಸೇ ಇಲ್ಲದ ನಿರ್ಮಲಾ ಕೂಡ ಎರಡೂ ಕೈ ಎತ್ತಿದ್ದಳು. ಬಸ್ಸಿನ ಮಾತು ಅಲ್ಲಿಗೆ ನಿಂತಿತು.

ಹೊರಗೆ ಬಂದ ಮೇಲೆ ಬಾಗಿ ಅತ್ತೆಯ ಕಾಲು ಮುಟ್ಟಹೋದೆ.

“ಏಳs, ಮಂದಿ ನೋಡತಾರ. ನಿನ್ನ ಸಲುವಾಗಿ ಮಾಡೇನಿ ಅನ್ಕೊಂಡಿ ಏನ?” ಎಂದು ಗದರಿದವರು, ಮುಖ ಉಬ್ಬಿಸಿಕೊಂಡು ನಿಂತಿದ್ದ ಮಗನ ಕಡೆ ತಿರುಗಿದರು. “ಈರಣ್ಣಾ, ದೊಡ್ಡವ್ವಗ ಹೇಳು. ಸೊಸಿ ಹರೇದಾಕಿ, ಕೂಸಿನ್ನ ಕಟಿಗೊಂಡು ಪರಊರಾಗ ಒಬ್ಬಾಕಿನ ಇರೂದು ಚಲೋ ಅಲ್ಲ. ಜೋಡಿಗೆ ಅವ್ವ ಇರತಾಳ ಅಂತ ಹೇಳು. ನನ್ನವೂ ನಾಕ ಸೀರಿ ಬರೂ ಶನಿವಾರ ತಗೊಂಡ ಬಾ.”

“ಎಷ್ಟ ದಿನಾ ಯವ್ವಾ?” ಎಂದು ಕೇಳಿದರು ನಮ್ಮವರು.

“ಕೂಸಿನ ಸಾಲಿ ಮುಗಿಯೂತನಾ. ಮೊಮ್ಮಗಳ ಸಲುವಾಗಿ ನಾನೂ ಅಷ್ಟ ವನವಾಸ ಮಾಡತೇನಿ ತಗೋ.” ಆಮೇಲೆ ನನ್ನ ಕಡೆ ನೋಡಿ, “ಎಷ್ಟನೇತ್ತಾ ತನಾ ಐತಿ ಈ ಸಾಲಿ?” ಎಂದು ಕೇಳಿದರು.

“ನಾಕನೇತ್ತಾ ತನಾ ರಿ ಅತ್ತೀ. ಪ್ರೈಮರಿ ಅಷ್ಟ.”

“ಆಮ್ಯಾಲ?”

“ಆಮ್ಯಾಲ ನಾವೂ ಊರಿಗೆ ಹೋಗೂದ್ರಿ.”

ಅತ್ತೆಯ ಮುಖದ ಮೇಲಿನ ಬೆಳಕು ತಟ್ಟನೆ ಆರಿತು. ಒಂದು ಗಳಿಗೆ ಶಾಲೆಯ ಬೋರ್ಡನ್ನು ದಿಟ್ಟಿಸಿದರು, ಓದಲು ಬಾರದಿದ್ದರೂ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಮತ್ತೆ ಒಳಗೆ ಹೊರಟರು.

“ಎಲ್ಲಿಗ್ರಿ ಅತ್ತೀ?” ಎಂದು ಕೂಗಿದೆ.

“ತಡಿ,” ಅಂದರು ತಿರುಗಿ ನೋಡದೆ. “ಹತ್ತನೇತ್ತಾ ತನಾ ಮಾಡಾಕ ಏನ್ ಧಾಡಿ ಅಂತ ಸಿಸ್ಟರಗ ಕೇಳಿ ಬರತೇನಿ.”